ಜಠರದ ಗೋಡೆಯೊಳಗೆ ಗಡ್ಡೆ, ಬಯಾಪ್ಸಿ ನಾರ್ಮಲ್ ಬಂದಿದೆ. ಮತ್ತೆ ಸೂಜಿ ಹಾಕಿಸಬೇಕಾ?

ಮುಧೋಳ_ಕಬ್ಬು:

ನಮಸ್ಕಾರ ರೀ ಎಲ್ಲರಿಗೂ. ನಮ್ಮದು ಮುಧೋಳದ ಹತ್ತಿರದ ಹಳ್ಳಿ. ಅವ್ವನ ಬಗ್ಗೆ ಕೇಳುವುದಿತ್ತು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಅವ್ವನಿಗೆ 58 ವರ್ಷ. ಶುಗರ್ ಇದೆ. ಹೃದಯಕ್ಕೆ ಸ್ಟೆಂಟ್ ಕೂಡ ಹಾಕಿದ್ದಾರೆ. ಬಹಳ ದಿನದಿಂದ ಎದೆ ಉರಿ, ಹುಳಿತೇಗು ಅನ್ನುತ್ತಿದ್ದಳು. ಬಾಗಲಕೋಟೆಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದೆವು. ಅನ್ನನಾಳ ಬಂದು ಜಠರಕ್ಕೆ ಕೂಡುವ ಜಾಗ ಇದೆಯಲ್ಲ, ಅದರ ಸ್ವಲ್ಪ ಕೆಳಗೆ ಒಂದು ಉಬ್ಬು ಕಂಡಿದೆ. ಮೇಲೆ ನುಣುಪಾಗಿದೆ, ಹುಣ್ಣಿಲ್ಲ, ರಕ್ತ ಇಲ್ಲ ಅಂದರು. ಅಲ್ಲೇ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟಿನಲ್ಲಿ ಕ್ರಾನಿಕ್ ಗ್ಯಾಸ್ಟ್ರೈಟಿಸ್, ಕ್ಯಾನ್ಸರ್ ಇಲ್ಲ ಅಂತ ಬಂತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಬಾದಾಮಿಗೆ ಹೋಗಿ ಬನಶಂಕರಿಗೆ ಕಾಯಿ ಒಡೆಸಿ ಬಂದರು.

ಆಮೇಲೆ ಡಾಕ್ಟರು ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ಅದರಲ್ಲಿ ಜಠರದ ಗೋಡೆಯಲ್ಲೇ 3 ಸೆಂ.ಮೀ. ಗಡ್ಡೆ ಅಂತ ಬಂದಿದೆ. ಈಗ ಬೆಳಗಾವಿಗೆ ಹೋಗಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿಸಿ, ಅದರಲ್ಲೇ ಸೂಜಿ ಹಾಕಿ ಬಯಾಪ್ಸಿ ತೆಗೆಸಿ ಅನ್ನುತ್ತಿದ್ದಾರೆ. ಬಯಾಪ್ಸಿ ಆಗಲೇ ಆಗಿದೆಯಲ್ಲ ಸರ್ ಅಂದರೆ, ಅದು ಬೇರೆ ಇದು ಬೇರೆ ಅಂತಾರೆ. ಹೊರಗೆ ಪೇಷಂಟ್ ಸಾಲು, ಜಾಸ್ತಿ ಕೇಳುವುದಕ್ಕೆ ಆಗಲಿಲ್ಲ.

ಮನೆಯಲ್ಲಿ ಎರಡು ಪಕ್ಷ ಆಗಿದೆ. ಕಾಕಾ ಹೇಳುವುದು, ಗಡ್ಡೆಗೆ ಸೂಜಿ ಮುಟ್ಟಿಸಿದರೆ ಕೆರಳುತ್ತದೆ, ಮೈತುಂಬ ಹರಡುತ್ತದೆ, ಮುಟ್ಟಲೇಬೇಡಿ ಅಂತ. ನಮ್ಮ ಭಾವ ಹೇಳುವುದು, ಸೂಜಿ ಗೀಜಿ ಯಾಕೆ, ಸೀದಾ ಮೀರಜಕ್ಕೆ ಹೋಗಿ ಆಪರೇಷನ್ ಮಾಡಿಸಿ ತೆಗೆಸಿಬಿಡಿ ಅಂತ. ಅವ್ವ ಮಾತ್ರ ಏನೂ ಬೇಡ, ನನಗೆ ಆರಾಮ ಇದೆ ಅನ್ನುತ್ತಾಳೆ. ಯಾರ ಮಾತು ಕೇಳಲಿ? ಈ ಸೂಜಿ ಪರೀಕ್ಷೆ ನಿಜವಾಗಿ ಬೇಕಾ?


ಸ್ಲೈಡ್_ಮೇಲೆ_ಸ್ಲೈಡ್:

ನಾನು ಬೆಳಗಾವಿಯಲ್ಲಿ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಇಂಥ ಚೂರುಗಳು ಸ್ಲೈಡ್ ಆಗುವುದು ನಮ್ಮ ಕೈಯಲ್ಲೇ.

ನಿಮ್ಮ ಹತ್ತಿರ ಇರುವ ಬಯಾಪ್ಸಿ ರಿಪೋರ್ಟ್ ಸುಳ್ಳಲ್ಲ. ಆದರೆ ಅದು ಗಡ್ಡೆಯ ರಿಪೋರ್ಟೇ ಅಲ್ಲ. ಎಂಡೋಸ್ಕೋಪಿಯ ಚಿಮಟ ಜಠರದ ಒಳಪೊರೆಯನ್ನು ಮೇಲ್ಮೇಲೆ ಮಾತ್ರ ಚಿವುಟುತ್ತದೆ, ಕೆಲವೇ ಮಿಲಿಮೀಟರ್ ಚೂರು. ನಿಮ್ಮ ಅವ್ವನ ಗಡ್ಡೆ ಆ ಪೊರೆಯ ಕೆಳಗೆ ಕೂತಿದೆ. ಹೋಳಿಗೆಯ ಮೇಲಿನ ಕಣಕವನ್ನಷ್ಟೇ ಚಿವುಟಿ ಕೊಟ್ಟು, ಒಳಗಿರುವುದು ಕಡಲೆ ಹೂರಣವೋ ಶೇಂಗಾ ಹೂರಣವೋ ಹೇಳು ಅಂದ ಹಾಗಾಯಿತು. ಕಣಕ ಚೆನ್ನಾಗಿದೆ ಅಂತ ರಿಪೋರ್ಟ್ ಬಂದಿದೆ, ಅಷ್ಟೇ. ಮೇಲೆ ನುಣುಪಾಗಿದೆ, ಹುಣ್ಣಿಲ್ಲ ಅಂದರಲ್ಲ, ಅದೇ ಸುಳಿವು: ಒಳಪೊರೆ ಸರಿ ಇದೆ, ಕೆಳಗಿನಿಂದ ಏನೋ ಅದನ್ನು ಎತ್ತಿದೆ.

ಇನ್ನು ಇಯುಎಸ್, ಅಂದರೆ ಡಾಕ್ಟರು ಹೇಳಿದ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಹೊಟ್ಟೆ ಮೇಲೆ ಜೆಲ್ ಹಚ್ಚಿ ಮಾಡುವ ಸೋನೋಗ್ರಫಿ ಗೊತ್ತಲ್ಲ, ಅದಕ್ಕೆ ಕರುಳಿನ ಗಾಳಿ, ಕೊಬ್ಬು ಅಡ್ಡ ಬರುತ್ತವೆ. ಇಲ್ಲಿ ಆ ಸೋನೋಗ್ರಫಿಯ ಪ್ರೋಬನ್ನೇ ಎಂಡೋಸ್ಕೋಪಿನ ತುದಿಗೆ ಕೂರಿಸಿರುತ್ತಾರೆ. ಬಾಯಿಯಿಂದ ಇಳಿಸಿ, ಗಡ್ಡೆಯ ಪಕ್ಕಕ್ಕೇ ಹೋಗಿ ನೋಡುತ್ತಾರೆ. ಎಷ್ಟೋ ಸಲ ಜಠರಕ್ಕೆ ನೀರು ತುಂಬಿ ನೋಡುತ್ತಾರೆ, ಚಿತ್ರ ಸ್ಪಷ್ಟ ಬರಲಿ ಅಂತ. ಆಗ ಜಠರದ ಗೋಡೆ ಐದು ಪಟ್ಟೆಯಾಗಿ ಕಾಣುತ್ತದೆ, ಬಿಳಿ ಕಪ್ಪು ಬಿಳಿ ಕಪ್ಪು ಬಿಳಿ. ಮೊದಲೆರಡು ಒಳಪೊರೆ. ಮೂರನೆಯ ಬಿಳಿ ಪಟ್ಟೆ ಅದರ ಕೆಳಗಿನ ಮೆತ್ತನೆಯ ಪದರ. ನಾಲ್ಕನೆಯ ಕಪ್ಪು ಪಟ್ಟೆ ಜಠರದ ಸ್ನಾಯು. ಐದನೆಯದು ಹೊರಗಿನ ಹೊದಿಕೆ. ಗಡ್ಡೆ ಯಾವ ಪಟ್ಟೆಯಿಂದ ಎದ್ದಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೂರನೆಯದರಲ್ಲಿ ಬೆಳ್ಳಗೆ ಹೊಳೆಯುತ್ತಿದ್ದರೆ ಕೊಬ್ಬಿನ ಗಂಟು, ಲೈಪೋಮಾ. ಅದಕ್ಕೆ ಸೂಜಿಯ ಅಗತ್ಯವೇ ಬರುವುದಿಲ್ಲ. ಪೂರ್ತಿ ಕಪ್ಪಗಿದ್ದರೆ ನೀರು ತುಂಬಿದ ಸಿಸ್ಟ್ ಇರಬಹುದು, ಇಲ್ಲವೇ ಉಬ್ಬಿದ ರಕ್ತನಾಳ. ಡಾಪ್ಲರ್ ಹಾಕಿದರೆ ರಕ್ತ ಹರಿಯುವುದು ಬಣ್ಣದಲ್ಲಿ ಕಾಣುತ್ತದೆ. ಅದನ್ನು ನೋಡದೆ ಯಾರೂ ಚುಚ್ಚುವುದಿಲ್ಲ, ಚುಚ್ಚಬಾರದು. ಕೆಲವೊಮ್ಮೆ ಗಡ್ಡೆಯೇ ಇರುವುದಿಲ್ಲ, ಪಕ್ಕದ ಗುಲ್ಮವೋ ಪಿತ್ತಕೋಶವೋ ಹೊರಗಿನಿಂದ ಒತ್ತಿ ಉಬ್ಬಿದ ಹಾಗೆ ತೋರಿಸುತ್ತಿರುತ್ತದೆ. ನಿಮಗೆ ಸಿಟಿಯಲ್ಲಿ ಗೋಡೆಯಲ್ಲೇ ಅಂತ ಬಂದಿದೆಯಲ್ಲ, ಹಾಗಾಗಿ ಅದು ಬಹುಶಃ ಬಿಟ್ಟುಹೋಯಿತು.

ನಾಲ್ಕನೆಯ ಪಟ್ಟೆಯಲ್ಲಿದ್ದರೆ ಮಾತ್ರ ತಲೆನೋವು. ಅಲ್ಲಿ ಏಳುವ ಮುಖ್ಯ ಗಡ್ಡೆಗಳು ಮೂರು. ಜಿಸ್ಟ್ (ಗ್ಯಾಸ್ಟ್ರೋಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್), ಲಿಯೋಮಯೋಮಾ, ಶ್ವಾನೋಮಾ. ಮೂರೂ ಕಪ್ಪಗೆ, ದುಂಡಗೆ, ಒಂದೇ ಥರ ಕಾಣುತ್ತವೆ. ಲಿಯೋಮಯೋಮಾ ಸ್ನಾಯುವಿನ ಗಂಟು, ಅಪಾಯ ಇಲ್ಲ. ಶ್ವಾನೋಮಾ ನರದ ಹೊದಿಕೆಯ ಗಂಟು, ಜಠರದಲ್ಲಿ ಅದೂ ಸಾಮಾನ್ಯವಾಗಿ ಸಾಧು. ಜಿಸ್ಟ್ ಹಾಗಲ್ಲ. ಕೆಲವು ವರ್ಷಗಟ್ಟಲೆ ಸುಮ್ನೆ ಇರುತ್ತವೆ, ಕೆಲವು ಬೆಳೆದು ಲಿವರಿಗೆ ಹೋಗುತ್ತವೆ. ಎಷ್ಟೇ ಅನುಭವದ ಡಾಕ್ಟರಾದರೂ ಚಿತ್ರ ನೋಡಿ ಇದು ಇಂಥದ್ದೇ ಅಂತ ಖಾತ್ರಿ ಕೊಡುವುದು ಕಷ್ಟ. ಅದಕ್ಕೇ ಸೂಜಿ.

ಸೂಜಿಯಲ್ಲೂ ಎರಡು ಥರ. ಹಳೆಯದು ಎಫ್‌ಎನ್‌ಎ, ಜೀವಕೋಶಗಳನ್ನು ಹೀರಿ ತೆಗೆಯುವುದು. ಈ ದಾರಿಯಲ್ಲಿ ಸೂಜಿ ಹಾಕಿದ ಮೊದಲ ವರದಿಗಳು 1992ರ ಸುಮಾರಿಗೆ ಡೆನ್ಮಾರ್ಕ್‌ನಿಂದ ಬಂದವು, ಆಗ ಹಾಕಿದ್ದು ಮೇದೋಜೀರಕ ಗ್ರಂಥಿಗೆ. ಹೊಸದು ಎಫ್‌ಎನ್‌ಬಿ. ಅದರ ತುದಿ ಹಲ್ಲುಹಲ್ಲಾಗಿ ಇರುತ್ತದೆ, ದಾರದೆಳೆಯಂಥ ಒಂದು ತುಣುಕನ್ನು ಇಡಿಯಾಗಿ ಕೊಯ್ದು ತರುತ್ತದೆ. ಸ್ನಾಯುವಿನ ಪದರದ ಗಡ್ಡೆಗಳು ಗಟ್ಟಿ. ಸುಮ್ನೆ ಹೀರಿದರೆ ಎಷ್ಟೋ ಸಲ ರಕ್ತ ಮಾತ್ರ ಬರುತ್ತದೆ. ನಮ್ಮ ಟೇಬಲ್ಲಿಗೆ ಬರುವ 'ಸ್ಯಾಂಪಲ್ ಸಾಲದು' ಕೇಸುಗಳಲ್ಲಿ ಇಂಥವು ಬೇಕಾದಷ್ಟು. ಹಾಗಾಗಿ ಎಫ್‌ಎನ್‌ಬಿ ಸೂಜಿ ಹಾಕುತ್ತೀರಾ ಸರ್ ಅಂತ ಮೊದಲೇ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.


ಗುಮ್ಮಟ_ನಗರಿ:

ಮೇಲಿನವರು ಲ್ಯಾಬ್ ಕಡೆಯಿಂದ ಹೇಳಿದರು, ನಾನು ಪೇಷಂಟ್ ಮನೆಯವನ ಕಡೆಯಿಂದ ಹೇಳುತ್ತೇನೆ. ನಮ್ಮದು ವಿಜಯಪುರ. ನಮ್ಮ ಅಪ್ಪಾಜಿಗೆ ಅನ್ನನಾಳದಲ್ಲಿ ಇಂಥದ್ದೇ ಉಬ್ಬು ಇತ್ತು. ಕೊನೆಗೆ ಲಿಯೋಮಯೋಮಾ ಅಂತ ಬಂತು. ಆಪರೇಷನ್ ಇಲ್ಲ, ಏನಿಲ್ಲ. ಆಗಾಗ ಎಂಡೋಸ್ಕೋಪಿ ಮಾಡಿಸಿಕೊಂಡು ಬರುತ್ತಾರೆ, ಎಂದಿನ ಹಾಗೆ ಜೋಳದ ರೊಟ್ಟಿ ಹೊಡೆಯುತ್ತಾರೆ.

ನಾನು ಹೇಳಬೇಕು ಅಂದದ್ದು ಬೇರೆ. ಹೋಗುವ ಮೊದಲು ಫೋನ್ ಮಾಡಿ ಕೇಳಿ: ಮಷಿನ್ ಯಾವುದು? ಈ ಸ್ಕೋಪಿನಲ್ಲಿ ಎರಡು ಜಾತಿ ಇವೆ. ರೇಡಿಯಲ್ ಅಂತ ಒಂದು, ಸುತ್ತಲೂ ತೋರಿಸುತ್ತದೆ, ಆದರೆ ಅದರಲ್ಲಿ ಸೂಜಿ ಹಾಕಲು ಬರುವುದಿಲ್ಲ. ಲೀನಿಯರ್ ಅಂತ ಇನ್ನೊಂದು, ಅದರಲ್ಲಿ ಸೂಜಿ ಹೊರಬರುವ ದಾರಿಯೂ ಪ್ರೋಬ್ ನೋಡುವ ದಿಕ್ಕೂ ಒಂದೇ, ಹಾಗಾಗಿ ಸೂಜಿಯ ತುದಿ ಗಡ್ಡೆಯೊಳಗೆ ಹೋಗುವುದು ಪರದೆಯಲ್ಲಿ ಕಾಣುತ್ತಲೇ ಇರುತ್ತದೆ. ನಮಗೆ ಇದು ಯಾರೂ ಹೇಳಿರಲಿಲ್ಲ. ಒಂದು ಕಡೆ ಉಪವಾಸ ಕರೆದುಕೊಂಡು ಹೋಗಿ, ಸ್ಕೋಪ್ ಹಾಕಿಸಿ, ಬಿಲ್ ಕಟ್ಟಿದ ಮೇಲೆ 'ನಮ್ಮಲ್ಲಿ ನೋಡುವುದು ಮಾತ್ರ, ಸೂಜಿಗೆ ಬೇರೆ ಕಡೆ ಹೋಗಿ' ಅಂದರು. ಆಸ್ಪತ್ರೆ ಹೆಸರು ಬೇಡ ಬಿಡಿ. ಆದರೆ ವಯಸ್ಸಾದವರನ್ನು ಎರಡೆರಡು ಸಲ ಮಲಗಿಸಿ ಪೈಪ್ ಇಳಿಸುವುದು ಅಂದರೆ ಸಿಟ್ಟು ಬರುವುದಿಲ್ಲವಾ?

ಆ ದಿನ ಹೇಗಿರುತ್ತದೆ ಅಂದರೆ, ಹಿಂದಿನ ರಾತ್ರಿ ಊಟ ಬೇಗ ಮುಗಿಸಬೇಕು. ಬೆಳಿಗ್ಗೆ ಚಹಾ ಕೂಡ ಇಲ್ಲ. ಶುಗರ್ ಮಾತ್ರೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಕೋ ಬೇಡವೋ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ, ಇನ್ಸುಲಿನ್ ಇದ್ದರಂತೂ ಖಂಡಿತ ಕೇಳಿ. ಎಡಗಡೆ ಮಗ್ಗುಲಲ್ಲಿ ಮಲಗಿಸುತ್ತಾರೆ, ಕೈಗೆ ಇಂಜೆಕ್ಷನ್ ಕೊಟ್ಟು ನಿದ್ದೆ ಬರಿಸುತ್ತಾರೆ. ಸಾಮಾನ್ಯ ಎಂಡೋಸ್ಕೋಪಿಗಿಂತ ಈ ಸ್ಕೋಪ್ ದಪ್ಪ, ಹೊತ್ತೂ ಜಾಸ್ತಿ, ಅದಕ್ಕೆ ನಿದ್ದೆ ಬೇಕೇಬೇಕು. ಅಪ್ಪಾಜಿಗೆ ಏನೂ ಗೊತ್ತೇ ಆಗಲಿಲ್ಲ, ಎದ್ದ ಮೇಲೆ ಗಂಟಲು ಸ್ವಲ್ಪ ಕೆರೆಯುತ್ತಿದೆ ಅಂದರು, ಅಷ್ಟೇ. ಸಂಜೆಗೆ ಗಂಜಿ ಕುಡಿದರು. ಆದರೆ ನಿದ್ದೆ ಇಂಜೆಕ್ಷನ್ ಕೊಟ್ಟ ದಿನ ಬಸ್ಸಿನಲ್ಲಿ ಒಬ್ಬರೇ ಕಳಿಸಬೇಡಿ. ಬೆಳಗಾವಿಯಿಂದ ಮುಧೋಳಕ್ಕೆ ರಾತ್ರಿ ಹೊತ್ತು ಬರುವುದಕ್ಕಿಂತ ಅಲ್ಲೇ ಯಾರದಾದರೂ ಮನೆಯಲ್ಲಿ ಉಳಿದುಬಿಡಿ. ಏನಾದರೂ ಆದರೆ ಆಸ್ಪತ್ರೆ ಹತ್ತಿರ ಇರುತ್ತದೆ.

ಮತ್ತೆ ಒಂದು. ನನ್ನ ಹೆಂಡತಿಯ ಚಿಕ್ಕಮ್ಮನಿಗೂ ಬಯಾಪ್ಸಿ ಅಂತಲೇ ಬರೆದುಕೊಟ್ಟಿದ್ದರು. ಸ್ಕೋಪ್ ಹಾಕಿ ನೋಡಿದ ಡಾಕ್ಟರು, ಇದು ಕೊಬ್ಬಿನ ಗಂಟು, ಸೂಜಿ ಬೇಡ ಅಂತ ಹಾಗೇ ಕಳಿಸಿದರು. ಸೂಜಿಯ ದುಡ್ಡು ಉಳಿಯಿತು. ಹಾಗಾಗಿ ಇಯುಎಸ್‌ಗೆ ಹೋದರೆ ಸೂಜಿ ಹಾಕಿಯೇ ಹಾಕುತ್ತಾರೆ ಅಂತಲ್ಲ.


ನೇರಾ_ನೇರ:

ನಿಮ್ಮ ಭಾವ ಹೇಳಿದ್ದೇ ಸರಿ. 3 ಸೆಂ.ಮೀ. ಅಂದ ಮೇಲೆ ಹೇಗೂ ತೆಗೆಯಲೇಬೇಕು. ತೆಗೆದ ಮೇಲೆ ಇಡೀ ಗಡ್ಡೆಯನ್ನೇ ಲ್ಯಾಬಿಗೆ ಕಳಿಸುತ್ತಾರೆ, ಆಗ ಗೊತ್ತಾಗುತ್ತದೆ. ನಡುವೆ ಈ ಸೂಜಿ ದುಡ್ಡು ಮಾಡುವ ದಂಧೆ. ಸುಮ್ನೆ ಹೆದರಿಸುತ್ತಾರೆ.


ಹೊಲಿಗೆ_ಟೇಬಲ್:

@ನೇರಾ_ನೇರ ಅರ್ಧ ಸರಿ, ಅರ್ಧ ಅಲ್ಲ. ನಾನು ಸರ್ಜರಿ ಪಿಜಿ ಮಾಡುತ್ತಿದ್ದೇನೆ, ಬೆಳಗಾವಿಯಲ್ಲೇ. ಅವ್ವನನ್ನು ನಾನು ನೋಡಿಲ್ಲ, ಫಿಲ್ಮೂ ನೋಡಿಲ್ಲ, ಹಾಗಾಗಿ ಇದು ಚಿಕಿತ್ಸೆಯ ಸಲಹೆ ಅಂತ ತೆಗೆದುಕೊಳ್ಳಬೇಡಿ.

ಸರಿ ಇರುವ ಅರ್ಧ ಮೊದಲು. ಗಡ್ಡೆಯಿಂದ ರಕ್ತ ಹೋಗುತ್ತಿದ್ದರೆ, ದಾರಿ ಕಟ್ಟಿಕೊಂಡಿದ್ದರೆ, ಸ್ಕ್ಯಾನಿನಲ್ಲಿ ನೋಡಿದ ಕೂಡಲೇ ಜಿಸ್ಟ್ ಅನ್ನುವ ಹಾಗಿದ್ದು ಸುಲಭವಾಗಿ ತೆಗೆಯುವ ಜಾಗದಲ್ಲಿದ್ದರೆ, ಎಷ್ಟೋ ಸರ್ಜನ್‌ಗಳು ಸೂಜಿ ಇಲ್ಲದೆ ಸೀದಾ ಆಪರೇಷನ್ ಮಾಡುತ್ತಾರೆ. ಅದು ತಪ್ಪಲ್ಲ. ಸೂಜಿಯ ಉತ್ತರ ಏನೇ ಬಂದರೂ ಮಾಡುವ ಕೆಲಸ ಒಂದೇ ಆಗಿದ್ದರೆ ಸೂಜಿ ಯಾಕೆ? ಈ ಒಂದು ಪ್ರಶ್ನೆಯನ್ನೇ ನಿಮ್ಮ ಡಾಕ್ಟರಿಗೆ ಕೇಳಿ ನೋಡಿ: 'ಜಿಸ್ಟ್ ಬಂದರೆ ಏನು ಮಾಡುತ್ತೀರಿ, ಜಿಸ್ಟ್ ಅಲ್ಲ ಅಂತ ಬಂದರೆ ಏನು ಮಾಡುತ್ತೀರಿ?' ಎರಡಕ್ಕೂ ಬೇರೆ ಬೇರೆ ಉತ್ತರ ಬಂದರೆ ಸೂಜಿ ಬೇಕು.

ನಿಮ್ಮ ಅವ್ವನ ವಿಷಯದಲ್ಲಿ ಬೇರೆ ಬೇರೆ ಉತ್ತರವೇ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಕಾರಣ ಗಡ್ಡೆ ಇರುವ ಜಾಗ. ಜಠರದ ನಡುಭಾಗದಲ್ಲಿ, ಹೊರಬಾಗಿನ ಕಡೆ ಇದ್ದರೆ ದುರ್ಬೀನಿನಲ್ಲೇ ಗಡ್ಡೆಯ ಸುತ್ತ ಸ್ವಲ್ಪ ಗೋಡೆ ಸೇರಿಸಿ ಕತ್ತರಿಸಿ ಸ್ಟೇಪಲ್ ಹಾಕಬಹುದು. ಜಿಸ್ಟ್ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗುವುದು ಅಪರೂಪ, ಹಾಗಾಗಿ ಹೊಟ್ಟೆಯ ಕ್ಯಾನ್ಸರಿಗೆ ಮಾಡುವ ಹಾಗೆ ಸುತ್ತಲಿನದ್ದೆಲ್ಲ ತೆಗೆಯಬೇಕಿಲ್ಲ. ಆದರೆ ಅನ್ನನಾಳ ಕೂಡುವ ಬಾಯಿಯ ಹತ್ತಿರ ಇದ್ದರೆ ಕಥೆಯೇ ಬೇರೆ. ಅಲ್ಲಿ ಜಾಗ ಇಲ್ಲ. ಆಪರೇಷನ್ ದೊಡ್ಡದಾಗಬಹುದು, ಆಮೇಲೆ ಊಟ ಮೇಲೆ ಬರುವುದು, ಇಳಿಯದೇ ಇರುವುದು ಇವೆಲ್ಲ ಜೀವನಪೂರ್ತಿ ಕಾಡಬಹುದು. ಮತ್ತೆ ಆ ಬಾಯಿಯ ಹತ್ತಿರವೇ ಲಿಯೋಮಯೋಮಾ ಕೂಡ ಚೆನ್ನಾಗಿ ಕಾಣಿಸಿಕೊಳ್ಳುತ್ತದೆ. ಅಪಾಯವೇ ಇಲ್ಲದ ಗಂಟಿಗೆ, ಸ್ಟೆಂಟ್ ಹಾಕಿದ 58 ವರ್ಷದ ಹೆಂಗಸಿಗೆ, ಅಷ್ಟು ದೊಡ್ಡ ಆಪರೇಷನ್ ಮಾಡಿ ಆಮೇಲೆ ಲ್ಯಾಬಿನಿಂದ 'ಸಾಧು ಗಡ್ಡೆ' ಅಂತ ರಿಪೋರ್ಟ್ ಬಂದರೆ ಹೇಗಿರುತ್ತದೆ ಹೇಳಿ.

ಜಿಸ್ಟ್ ಅಂತ ಬಂದರೂ ಸೂಜಿ ಉಪಯೋಗಕ್ಕೇ ಬರುತ್ತದೆ. ಜಾಗ ಕಷ್ಟದ್ದಾಗಿದ್ದರೆ ಮೊದಲು ಇಮ್ಯಾಟಿನಿಬ್ ಮಾತ್ರೆ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಚಿಕ್ಕ ಆಪರೇಷನ್ ಮಾಡುವುದುಂಟು. ಖಾತ್ರಿ ಇಲ್ಲದೆ ಆ ಮಾತ್ರೆ ಶುರು ಮಾಡುವುದಿಲ್ಲ. ಈ ಮಾತ್ರೆ ಮೊದಲು ರಕ್ತದ ಕ್ಯಾನ್ಸರಿಗೆ ಅಂತ ಬಂದದ್ದು. ಜಿಸ್ಟ್‌ನಲ್ಲಿ ಕಿಟ್ ಅನ್ನುವ ಜೀನ್ ಕೆಟ್ಟಿರುತ್ತದೆ ಅಂತ ಜಪಾನಿನವರು 1998ರಲ್ಲಿ ತೋರಿಸಿದರು, 2000ರಲ್ಲಿ ಫಿನ್ಲೆಂಡಿನಲ್ಲಿ ಮೊದಲ ಜಿಸ್ಟ್ ಪೇಷಂಟಿಗೆ ಈ ಮಾತ್ರೆ ಕೊಟ್ಟು ನೋಡಿದರು. ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಇದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು, ಹಾಗಾಗಿ ಇಲ್ಲಿ ಜೆನೆರಿಕ್ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ. ಆ ಕೇಸ್ ಬೇರೆ ಥರ ಆಗಿದ್ದರೆ ನಮ್ಮ ಕಡೆಯ ಎಷ್ಟು ಜನಕ್ಕೆ ಈ ಮಾತ್ರೆ ಸಿಗುತ್ತಿತ್ತೋ.

3 ಸೆಂ.ಮೀ. ಬಗ್ಗೆ: ಲಕ್ಷಣ ಇಲ್ಲದ 2 ಸೆಂ.ಮೀ. ಒಳಗಿನ ಗಡ್ಡೆಯನ್ನು ಸಾಮಾನ್ಯವಾಗಿ ಕಾದು ನೋಡುತ್ತಾರೆ, ಮೊದಲು 3ರಿಂದ 6 ತಿಂಗಳಿಗೆ ಒಮ್ಮೆ, ಬೆಳೆಯದಿದ್ದರೆ ಆಮೇಲೆ ವರ್ಷಗಳ ಅಂತರದಲ್ಲಿ. 2 ದಾಟಿದರೆ ಅದು ಏನು ಅಂತ ತಿಳಿದುಕೊಳ್ಳುವುದೇ ರೂಢಿ. ನಿಮ್ಮದು ದಾಟಿದೆ. ಹಾಗಾಗಿ ಅವ್ವನ 'ನನಗೆ ಆರಾಮ ಇದೆ' ಮಾತಿಗೆ ಸುಮ್ಮನಾಗಬೇಡಿ. ಎದೆ ಉರಿ ಬೇರೆಯದೇ ಕಾರಣದಿಂದ ಇರಬಹುದು, ಗ್ಯಾಸ್ಟ್ರೈಟಿಸ್‌ಗೆ ಮಾತ್ರೆ ತೆಗೆದುಕೊಂಡರೆ ಅದು ಹೋಗುತ್ತದೆ. ಅದು ಹೋಯಿತು ಅಂತ ಗಡ್ಡೆ ಹೋಗುವುದಿಲ್ಲ.


ಮುಧೋಳ_ಕಬ್ಬು:

ಎಲ್ಲರಿಗೂ ಬಹಳ ಧನ್ಯವಾದ ರೀ. ಕಾಕಾನನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಹೋಳಿಗೆ ಮಾತು ಹಿಡಿಸಿತು ಅವರಿಗೆ. ಆದರೂ 'ಹರಡುವುದಿಲ್ಲ ಅಂತ ಬರೆದುಕೊಡುತ್ತಾರಾ ಕೇಳು' ಅನ್ನುತ್ತಿದ್ದಾರೆ. ಅದೊಂದು ಹೇಳಿ. ಇನ್ನೊಂದು, ಅವ್ವ ಸ್ಟೆಂಟಿಗಾಗಿ ರಕ್ತ ತೆಳುವಾಗಿಡುವ ಮಾತ್ರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ತೆಗೆದುಕೊಳ್ಳುತ್ತಾಳೆ. ಭಾವ ಇವತ್ತಿನಿಂದಲೇ ನಿಲ್ಲಿಸಿಬಿಡು ಅಂದ. ನಿಲ್ಲಿಸಲಾ? ಖರ್ಚು ಎಷ್ಟು ಇಟ್ಟುಕೊಂಡು ಹೋಗಬೇಕು?


ಹೊಲಿಗೆ_ಟೇಬಲ್:

ನಿಲ್ಲಿಸಬೇಡಿ! ಭಾವನಿಗೆ ಹೇಳಿ, ಸ್ಟೆಂಟ್ ಮುಚ್ಚಿಕೊಂಡರೆ ಗಡ್ಡೆಗಿಂತ ಮೊದಲು ಅದೇ ಪ್ರಾಣ ತೆಗೆಯುತ್ತದೆ ಅಂತ. ಸೂಜಿ ಹಾಕುವ ಇಯುಎಸ್‌ಗೆ ಸಾಮಾನ್ಯವಾಗಿ ಆಸ್ಪಿರಿನ್ ಮುಂದುವರಿಸುತ್ತಾರೆ, ಕ್ಲೋಪಿಡೋಗ್ರೆಲ್ ಮಾತ್ರ 5ರಿಂದ 7 ದಿನ ಮೊದಲು ನಿಲ್ಲಿಸುತ್ತಾರೆ. ಆದರೆ ಸ್ಟೆಂಟ್ ಹಾಕಿ ಎಷ್ಟು ದಿನ ಆಗಿದೆ, ಯಾವ ಥರದ್ದು ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಸ್ಟೆಂಟ್ ಹಾಕಿದ ಹೃದಯದ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಬನ್ನಿ, ಯಾವುದು ಎಂದಿನಿಂದ ನಿಲ್ಲಿಸಬೇಕು, ಎಂದು ಮತ್ತೆ ಶುರು ಮಾಡಬೇಕು ಎರಡೂ ಬರೆದಿರಲಿ. ಸ್ಟೆಂಟ್ ಹೊಸದಾಗಿದ್ದರೆ ಅವರು ಸೂಜಿಯನ್ನೇ ಮುಂದಕ್ಕೆ ಹಾಕಲು ಹೇಳಬಹುದು. ಹುಣ್ಣಿಲ್ಲ, ರಕ್ತ ಹೋಗುತ್ತಿಲ್ಲ ಅಂದಿದ್ದಾರೆ, ಹಾಗಾಗಿ ಗಡ್ಡೆಗೆ ಅಷ್ಟು ಅವಸರ ಇರುವ ಹಾಗೆ ಕಾಣುವುದಿಲ್ಲ.

ಕಾಕಾ ಅವರ ಹೆದರಿಕೆ ಪೂರ್ತಿ ಹುರುಳಿಲ್ಲದ್ದಲ್ಲ. ಜಿಸ್ಟ್ ಮೆತ್ತನೆಯ ಗಡ್ಡೆ ಆಗಿರಬಹುದು, ಆಪರೇಷನ್ನಿನಲ್ಲಿ ಅದರ ಹೊದಿಕೆ ಒಡೆದು ಹೊಟ್ಟೆಯೊಳಗೆ ಚೆಲ್ಲಿದರೆ ಮತ್ತೆ ಬರುವ ಅಪಾಯ ಜಾಸ್ತಿ. ಅದಕ್ಕೇ ನಾವು ಅದನ್ನು ಚಿಮಟದಿಂದ ಹಿಡಿಯುವುದೇ ಇಲ್ಲ. ಆದರೆ ಇಯುಎಸ್ ಸೂಜಿ ಜಠರದ ಒಳಗಿನಿಂದ, ಗೋಡೆಯ ಮೂಲಕವೇ ಗಡ್ಡೆಗೆ ಹೋಗುತ್ತದೆ. ಹೊಟ್ಟೆಯ ಖಾಲಿ ಜಾಗಕ್ಕೆ ದಾಟುವುದಿಲ್ಲ. ಆಪರೇಷನ್ ಆದರೆ ಸೂಜಿ ಹೋದ ದಾರಿಯೂ ಗಡ್ಡೆಯ ಜೊತೆಗೇ ಹೊರಗೆ ಬರುತ್ತದೆ. ಹೊಟ್ಟೆಯ ಚರ್ಮದ ಮೇಲಿನಿಂದ ಉದ್ದ ಸೂಜಿ ಹಾಕುವ ಬಯಾಪ್ಸಿಗಿಂತ ಇದನ್ನು ಮೇಲು ಅನ್ನುವುದು ಇದಕ್ಕೇ. ಈ ದಾರಿಯಿಂದ ಹರಡುವುದು ತೀರಾ ಅಪರೂಪ. ಬರೆದುಕೊಡುತ್ತಾರಾ ಅಂದರೆ, ಯಾವ ಡಾಕ್ಟರೂ ಯಾವುದಕ್ಕೂ ಹಾಗೆ ಬರೆದುಕೊಡುವುದಿಲ್ಲ ಕಾಕಾ. ನಿಜವಾಗಿ ನೋಡಿಕೊಳ್ಳಬೇಕಾದದ್ದು ರಕ್ತಸ್ರಾವ, ಸೋಂಕು, ತೂತು. ಇವೂ ಕಡಿಮೆಯೇ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಮನೆಗೆ ಹೋದ ಮೇಲೆ ಮಲ ಡಾಂಬರಿನಂತೆ ಕಪ್ಪಗಾದರೆ, ರಕ್ತ ವಾಂತಿ ಆದರೆ, ಹೊಟ್ಟೆ ಗಟ್ಟಿಯಾಗಿ ನೋವು ಏರುತ್ತಾ ಹೋದರೆ, ಚಳಿಜ್ವರ ಬಂದರೆ, ಬೆಳಗಿನವರೆಗೆ ಕಾಯಬೇಡಿ.


ಗುಮ್ಮಟ_ನಗರಿ:

ಖರ್ಚಿನ ಲೆಕ್ಕ ಊರಿಂದೂರಿಗೆ ಬೇರೆ, ನಾನು ಇಲ್ಲಿ ಅಂಕಿ ಹೇಳಿದರೆ ನಿಮಗೆ ದಾರಿ ತಪ್ಪುತ್ತದೆ. ಕೇಳುವಾಗ ಮಾತ್ರ ಬಿಡಿಬಿಡಿಯಾಗಿ ಕೇಳಿ. ಸ್ಕೋಪಿನದು ಒಂದು, ನಿದ್ದೆ ಕೊಡುವವರದು ಒಂದು, ಸೂಜಿಯದು ಬೇರೆ (ಅದೇ ತುಟ್ಟಿ, ಒಬ್ಬರಿಗೆ ಒಂದೇ ಸಲ ಬಳಸುವಂಥದ್ದು), ಆಮೇಲೆ ಲ್ಯಾಬಿನದು ಇನ್ನೂ ಬೇರೆ. ಫೋನಿನಲ್ಲಿ 'ಇಯುಎಸ್‌ಗೆ ಇಷ್ಟು' ಅಂದರೆ ಅದು ಮೊದಲನೆಯದು ಮಾತ್ರ ಇರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಆಸ್ಪತ್ರೆಯ ಕೌಂಟರಿನಲ್ಲೇ ಮೊದಲು ಕೇಳಿ. ಕೆಲವಕ್ಕೆ ಮೊದಲೇ ಒಪ್ಪಿಗೆ ಬೇಕಾಗುತ್ತದೆ. ಹಳೆಯ ಸಿಟಿಯ ಫಿಲ್ಮ್ ಮತ್ತು ಸಿಡಿ ಎರಡೂ ಇಟ್ಟುಕೊಳ್ಳಿ, ರಿಪೋರ್ಟ್ ಹಾಳೆ ಒಂದೇ ತೆಗೆದುಕೊಂಡು ಹೋದರೆ ಮತ್ತೆ ಸ್ಕ್ಯಾನ್ ಬರೆಯುತ್ತಾರೆ.


ಮುಧೋಳ_ಕಬ್ಬು:

ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಹಾಕುತ್ತಿದ್ದೇನೆ. ಹೃದಯದ ಡಾಕ್ಟರು ಕ್ಲೋಪಿಡೋಗ್ರೆಲ್ ನಿಲ್ಲಿಸಲು ಒಪ್ಪಿದರು, ಚೀಟಿಯನ್ನೂ ಕೊಟ್ಟರು. ಬೆಳಗಾವಿಯಲ್ಲಿ ಇಯುಎಸ್ ಆಯಿತು. ನಾಲ್ಕನೆಯ ಪದರದಿಂದಲೇ ಎದ್ದಿದೆಯಂತೆ. ಅಂಚು ನುಣುಪು, ಒಳಗೆ ನೀರಿನ ಪೊಟರೆ ಇಲ್ಲ ಅಂದರು. ಎಫ್‌ಎನ್‌ಬಿ ಸೂಜಿಯೇ ಹಾಕಿದರು. ಅವ್ವ ಆರಾಮ ಇದ್ದಾಳೆ, ಎದ್ದ ಕೂಡಲೇ ಚಹಾ ಕೇಳಿದಳು.

ಈಗ ರಿಪೋರ್ಟ್ ಬಂದಿದೆ. 'ಸ್ಪಿಂಡಲ್ ಸೆಲ್ ನಿಯೋಪ್ಲಾಸಂ, ಐಎಚ್‌ಸಿ ಮಾಡಿಸಿ' ಅಂತ ಬರೆದಿದ್ದಾರೆ. ನಿಯೋಪ್ಲಾಸಂ ಅಂತ ಗೂಗಲ್ ಮಾಡಿ ಮನೆಯಲ್ಲಿ ಅಳು ಶುರುವಾಗಿದೆ. ಐಎಚ್‌ಸಿ ಅಂದರೆ ಮತ್ತೆ ಸೂಜಿನಾ?


ಸ್ಲೈಡ್_ಮೇಲೆ_ಸ್ಲೈಡ್:

ಅಳು ನಿಲ್ಲಿಸಲು ಹೇಳಿ. ನಿಯೋಪ್ಲಾಸಂ ಅಂದರೆ ಗಡ್ಡೆ ಅಂತ ಅಷ್ಟೇ, ಸಾಧುವೂ ಅದೇ, ಕೆಟ್ಟದ್ದೂ ಅದೇ. ಮೇಲೆ ಹೇಳಿದ ಮೂರೂ ಗಡ್ಡೆಗಳು ಮೈಕ್ರೋಸ್ಕೋಪಿನಲ್ಲಿ ಉದ್ದುದ್ದ ಜೀವಕೋಶಗಳಾಗಿಯೇ ಕಾಣುತ್ತವೆ. ಪೆಥಾಲಜಿಸ್ಟ್ ಅದನ್ನೇ ಬರೆದಿದ್ದಾರೆ. ಇನ್ನೂ ಯಾವುದು ಅಂತ ಹೇಳಿಲ್ಲ.

ಐಎಚ್‌ಸಿಗೆ (ಇಮ್ಯುನೋಹಿಸ್ಟೋಕೆಮಿಸ್ಟ್ರಿ) ಮತ್ತೆ ಸೂಜಿ ಬೇಡ. ಈಗ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡಿಟ್ಟಿರುತ್ತಾರೆ. ಅದನ್ನೇ ತೆಳ್ಳಗೆ ಸೀಳಿ, ಒಂದೊಂದು ಸ್ಲೈಡಿಗೆ ಒಂದೊಂದು ಪ್ರೋಟೀನನ್ನು ತೋರಿಸುವ ಬಣ್ಣ ಹಾಕುತ್ತಾರೆ. ಎಫ್‌ಎನ್‌ಬಿ ಮಾಡಿಸಿದ್ದರ ಲಾಭ ಈಗ ಕಾಣುತ್ತದೆ, ಇಷ್ಟೆಲ್ಲ ಬಣ್ಣಕ್ಕೆ ಸಾಕಾಗುವಷ್ಟು ತುಣುಕು ಇರುತ್ತದೆ. ರಿಪೋರ್ಟ್ ಬಂದಾಗ ಈ ಸಾಲುಗಳನ್ನು ನೋಡಿ: ಸಿಡಿ117, ಡಾಗ್1 ಪಾಸಿಟಿವ್ ಇದ್ದರೆ ಜಿಸ್ಟ್. ಅವೆರಡೂ ನೆಗೆಟಿವ್ ಆಗಿ ಎಸ್‌ಎಂಎ, ಡೆಸ್ಮಿನ್ ಪಾಸಿಟಿವ್ ಇದ್ದರೆ ಲಿಯೋಮಯೋಮಾ. ಎಸ್100 ಪಾಸಿಟಿವ್ ಇದ್ದರೆ ಶ್ವಾನೋಮಾ. ಹೀಗೆ ಪೂರ್ತಿ ನೀಟಾಗಿ ಬರದೇ ಇರುವುದೂ ಉಂಟು, ಪೆಥಾಲಜಿಸ್ಟ್ ಕೆಳಗೆ ಬರೆಯುವ ಕೊನೆಯ ಸಾಲನ್ನೇ ನಂಬಿ.

ಜಿಸ್ಟ್ ಅಂತ ಬಂದರೆ 'ರಿಸ್ಕ್ ಎಷ್ಟು' ಅಂತ ಈ ರಿಪೋರ್ಟಿನಲ್ಲೇ ಹುಡುಕಬೇಡಿ. ಅದಕ್ಕೆ ಒಂದು ಎರಡಾಗಿ ವಿಭಜನೆ ಆಗುತ್ತಿರುವ ಜೀವಕೋಶಗಳನ್ನು 5 ಚದರ ಮಿಲಿಮೀಟರ್ ಜಾಗದಲ್ಲಿ ಎಣಿಸಬೇಕು, ಸೂಜಿಯ ತುಣುಕಿನಲ್ಲಿ ಅಷ್ಟು ಜಾಗ ಸಾಮಾನ್ಯವಾಗಿ ಸಿಗುವುದಿಲ್ಲ. ಸೂಜಿ ರಿಪೋರ್ಟಿನಲ್ಲಿ ಕಡಿಮೆ ಅಂತ ಬರೆದಿದ್ದರೂ, ಗಡ್ಡೆ ಪೂರ್ತಿ ತೆಗೆದ ಮೇಲಿನ ಎಣಿಕೆಯೇ ಲೆಕ್ಕಕ್ಕೆ.

ಬೇರೆ ಕಡೆ ಎರಡನೆಯ ಅಭಿಪ್ರಾಯ ಕೇಳುವುದಿದ್ದರೆ, ಮೀರಜ ಆಗಲಿ ಹುಬ್ಬಳ್ಳಿ ಆಗಲಿ, ಬರೀ ರಿಪೋರ್ಟ್ ಹಾಳೆ ಹಿಡಿದುಕೊಂಡು ಹೋಗಬೇಡಿ. ಲ್ಯಾಬಿಗೆ ಅರ್ಜಿ ಕೊಟ್ಟರೆ ಸ್ಲೈಡ್ ಮತ್ತು ಬ್ಲಾಕ್ ಕೊಡುತ್ತಾರೆ, ಸಹಿ ಮಾಡಿಸಿಕೊಳ್ಳುತ್ತಾರೆ. ಬ್ಲಾಕನ್ನು ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಆದರೆ ಮೊದಲು ಇಲ್ಲಿನ ಐಎಚ್‌ಸಿ ಮುಗಿಯಲಿ, ನಡುವೆಯೇ ಬ್ಲಾಕ್ ಎತ್ತಿಕೊಂಡು ಹೋದರೆ ಎರಡೂ ಕಡೆ ಕೆಲಸ ನಿಲ್ಲುತ್ತದೆ. ಮತ್ತೆ, ಕ್ಲೋಪಿಡೋಗ್ರೆಲ್ ವಾಪಸ್ ಶುರು ಮಾಡಿದಿರಾ? ಚೀಟಿಯಲ್ಲಿ ತಾರೀಖು ನೋಡಿ.